ಬೀಗ ಹಾಕಿದ ಹೆಸರುಗಳು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಕಲಬುರಗಿಯ ಒಂದು ಸಣ್ಣ ಕುಷ್ಠರೋಗ ಚಿಕಿತ್ಸಾ ಕೇಂದ್ರದಲ್ಲಿ ಗುಮಾಸ್ತಳಾಗಿ ಸೇರಿದೆ. ಐವಾನ್-ಎ-ಶಾಹಿ ಕಡೆಗಿದ್ದ ಹಳೆಯ ಬಾಡಿಗೆ ಮನೆಯೇ ನಮ್ಮ ಆಫೀಸು. ನಮ್ಮದು ಮನೆಯೊಳಗೆ ಮರಾಠಿ, ಹೊರಗೆ ಕನ್ನಡ ಆಡುವ ವೈಷ್ಣವ ಕುಟುಂಬ. ನಾನು ಎಂಥ ದವಾಖಾನೆಯಲ್ಲಿ ಕೆಲಸ ಮಾಡುತ್ತೇನೆಂದು ನಮ್ಮ ಆಯಿ, ಅಂದರೆ ಅಮ್ಮ, ಬಹಳ ದಿನ ಯಾರಿಗೂ ಹೇಳಲಿಲ್ಲ. ಆ ರೋಗದ ಹೆಸರಿಗೇ ಜನ ಅಷ್ಟು ಹೆದರುತ್ತಿದ್ದರು.

ಕಮಲಾಪುರದಲ್ಲಿ ನಮ್ಮದೊಂದು ಉಪಕೇಂದ್ರವಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಶರಣಸಿರಸಗಿಯ ಒಕ್ಕಲು ಮನೆತನದ ಒಬ್ಬ ಆರೋಗ್ಯ ಕಾರ್ಯಕರ್ತರು. ನಾವೆಲ್ಲ ಅವರನ್ನು ಕಾಕಾ ಅನ್ನುತ್ತಿದ್ದೆವು. ಅವರು ಸೈಕಲ್ ಮೇಲೆ ಊರೂರು ಸುತ್ತಿ, ಮೈಮೇಲಿನ ಮಚ್ಚೆಯನ್ನು ಸ್ಪರ್ಶ ತಿಳಿಯುತ್ತದೆಯೇ ಎಂದು ಹತ್ತಿಯ ಎಳೆಯಿಂದ ಮುಟ್ಟಿ ನೋಡಿ, ಗುಳಿಗೆ ಕೊಟ್ಟು ಬರುತ್ತಿದ್ದರು. ರೋಗಿಯ ಮನೆ ಮುಂದೆ ಸೈಕಲ್ ನಿಲ್ಲಿಸುತ್ತಿರಲಿಲ್ಲ. ಎಲ್ಲೋ ದೂರದ ಗಿಡಕ್ಕೆ ಒರಗಿಸಿ ನಡೆದು ಹೋಗುತ್ತಿದ್ದರು.

ಯಾಕೆಂದು ಒಮ್ಮೆ ಕೇಳಿದ್ದೆ.

“ಹೊಸದಾಗಿ ಸೇರಿದ್ದೆ ರೀ ಅಕ್ಕಾರ. ಒಂದು ಹುಡುಗಿ ರೋಗದ ಕಾರ್ಡು ನನ್ನ ಚೀಲದಿಂದ ಬಿತ್ತು. ಯಾರೋ ಓದಿದ್ರು. ಎಂಟು ದಿನದಾಗ ಆಕಿ ಲಗ್ನ ಮುರೀತು. ರೋಗ ಆರು ತಿಂಗಳದಾಗ ಹೋತು. ಆದ್ರ ಹೋದ ಸಂಬಂಧ ತಿರುಗಿ ಬರಲಿಲ್ಲ.”

ಅಷ್ಟು ಹೇಳಿ ಅವರು ಸೈಕಲ್ ಹತ್ತಿದರು.

ಎರಡು ಸಾವಿರದ ಇಸವಿಯ ಆಚೆಗೆ ಆಫೀಸಿಗೆ ಕಂಪ್ಯೂಟರ್ ಬಂತು. ಮೂರು ಕಪಾಟು ತುಂಬಿದ್ದ ಕಾರ್ಡುಗಳನ್ನು ಒಂದೊಂದಾಗಿ ಅದರೊಳಗೆ ಸೇರಿಸಲು ನನಗೆ ಸುಮಾರು ಎರಡು ವರ್ಷ ಹಿಡಿಯಿತು. ಹಳೆಯ ಕಾರ್ಡುಗಳಿಗೆ ಗೆದ್ದಲು ಹತ್ತಿತ್ತು, ಕೆಲವು ಮುಟ್ಟಿದರೆ ಪುಡಿಯಾಗುತ್ತಿದ್ದವು. ಸೇರಿಸಿ ಮುಗಿದವನ್ನು ನಮ್ಮ ಕೇಂದ್ರದ ಡಾಕ್ಟರ್ ಮೇಡಂ ತಾವೇ ನಿಂತು ಸುಡಿಸಿದರು. ಆಮೇಲೆ ಎಲ್ಲರ ಹೆಸರು, ಊರು, ಗುಳಿಗೆಯ ಲೆಕ್ಕ ಆ ಒಂದು ಯಂತ್ರದಲ್ಲಷ್ಟೇ ಉಳಿಯಿತು.

ಅದು ಕೆಟ್ಟರೆ ಗತಿಯೇನೆಂದು ಮೇಡಂಗೆ ಚಿಂತೆಯಾಯಿತು. ಕೆಲವು ವರ್ಷ ಸಿಡಿಗಳಲ್ಲಿ ನಕಲು ಇಟ್ಟೆವು. ನಂತರ ಒಂದು ದಿನ ಅವರು ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕ್ ಒಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಪಂಚಾಂಗದಷ್ಟು ದಪ್ಪ, ಅಂಗೈಯಗಲ. ಮೂರು ಕಪಾಟಿನ ಕಾರ್ಡು ಇದರಲ್ಲಿ ಒಂದು ಮೂಲೆಯನ್ನೂ ತುಂಬುವುದಿಲ್ಲ ಎಂದರು. ನಾನು ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದೆ. ಇಪ್ಪತ್ತು ವರ್ಷದ ಜನ ಇಷ್ಟು ಹಗುರವೇ ಅನ್ನಿಸಿತು.

ಆ ಶನಿವಾರ ಕಾಕಾ ವಾರದ ಮೀಟಿಂಗಿಗೆ ಬಂದಿದ್ದರು. ಮೇಡಂ ನಮ್ಮಿಬ್ಬರನ್ನೂ ಕೂರಿಸಿಕೊಂಡು, ಒಂದು ತಾತ್ಕಾಲಿಕ ಪಾಸ್‌ವರ್ಡ್ ಹಾಕಿ ಡಿಸ್ಕಿಗೆ ಬೀಗ ಹಾಕುವ ಬಗೆ ತೋರಿಸಿದರು. ನಾನು ಫೈಲುಗಳನ್ನು ಅದರೊಳಗೆ ನಕಲು ಮಾಡಿದೆ. ಅವರು ವೈರ್ ತೆಗೆದು ಮತ್ತೆ ಜೋಡಿಸಿದರು. ಈ ಡಿಸ್ಕಿನಲ್ಲಿ ಏನೂ ಇಲ್ಲ, ಅಳಿಸಿ ಹೊಸದಾಗಿ ಸಿದ್ಧಮಾಡಲೇ ಎಂದು ಕಂಪ್ಯೂಟರ್ ಕೇಳಿತು.

ಕಾಕಾ ಗಾಬರಿಯಾದರು. “ಹೆಸರೆಲ್ಲಾ ಎಲ್ಲಿ ಹೋದೂ ರೀ?”

“ಎಲ್ಲೂ ಹೋಗಿಲ್ಲ, ಇಲ್ಲೇ ಅದಾವ,” ಎಂದರು ಮೇಡಂ. “ಪಾಸ್‌ವರ್ಡ್ ಗೊತ್ತಿದ್ದವರಿಗೆ ಅಷ್ಟೇ ಕಾಣ್ತಾವ. ಕಳ್ಳ ಒಯ್ದರೂ ಅವನಿಗೆ ಬರೇ ಕಸ ಸಿಗ್ತದ.”

ಕಾಕಾ ಬಹಳ ಹೊತ್ತು ಪರದೆಯನ್ನೇ ನೋಡಿದರು. ಜೀವಮಾನವಿಡೀ ಜನರ ಹೆಸರನ್ನು ಬಚ್ಚಿಟ್ಟುಕೊಂಡು ಓಡಾಡಿದ ಮನುಷ್ಯ. “ಇಂಥಾದ್ದು ಆಗ ಇರಬೇಕಾಗಿತ್ತು ನೋಡ್ರಿ,” ಅಂದರು. ಮೇಡಂಗೆ ಆ ಮಾತಿನ ಹಿಂದಿನದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಕಾಯಂ ಪಾಸ್‌ವರ್ಡ್ ಉದ್ದವಿರಬೇಕು, ಎಲ್ಲಿಯೂ ಬರೆದಿಡಬಾರದು, ನನಗೂ ಕಾಕಾಗೂ ಮಾತ್ರ ಗೊತ್ತಿರಬೇಕು ಎಂದು ಹೇಳಿ ಮೇಡಂ ಹೊರಗೆ ಹೋದರು. ನನಗೇನೂ ಹೊಳೆಯಲಿಲ್ಲ. ಕಾಕಾ ಹೇಳಿದರು: “ನಾ ಸೈಕಲ್ ಮ್ಯಾಲ ಹೋಗೋ ದಾರಿ ಇಡೋಣೇನ್ರಿ? ಅದನ್ನ ನಾ ಸಾಯೋತನಕ ಮರೆಯಂಗಿಲ್ಲ.” ಕಮಲಾಪುರದಿಂದ ಒಂದು ಹಳ್ಳಿಗೆ ಹೋಗುವಾಗ ದಾರಿಯಲ್ಲಿ ಸಿಗುವುದನ್ನೆಲ್ಲ ಅವರು ಸಾಲಾಗಿ ಹೇಳುತ್ತ ಹೋದರು, ನಾನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದೆ. ಬೇವಿನ ಗಿಡ, ಬಾವಿ, ಗೋಡೆ, ಬಾಳೆಯ ತೋಟ ಎಲ್ಲ ಅದರಲ್ಲಿದ್ದವು. ಪೂರ್ತಿ ಸಾಲನ್ನು ಈಗಲೂ ನಾನು ಬರೆಯುವುದಿಲ್ಲ.

ಅಂದಿನಿಂದ ಪ್ರತಿ ಶನಿವಾರ ಕಾಕಾ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದರು. ಮೀಟಿಂಗ್ ಮುಗಿಯುವುದರೊಳಗೆ ನಾನು ಆ ವಾರದ್ದನ್ನು ನಕಲು ಮಾಡಿ ಕೊಡುತ್ತಿದ್ದೆ. ಅವರು ಒಯ್ದು ಕಮಲಾಪುರದ ಕಬ್ಬಿಣದ ಅಲಮಾರಿಯಲ್ಲಿಡುತ್ತಿದ್ದರು. ಕಂಪ್ಯೂಟರ್, ಡಿಸ್ಕು ಎರಡೂ ಒಂದೇ ಸೂರಿನಡಿ ಇರಬಾರದೆಂದು ಮೇಡಂ ಕಟ್ಟುನಿಟ್ಟಾಗಿ ಹೇಳಿದ್ದರು.

ಒಂದು ಮಂಗಳವಾರ ಮುಂಜಾನೆ ಕರೆಂಟು ಹೋಗಿ ಒಮ್ಮೆಲೇ ಜೋರಾಗಿ ಬಂತು. ಕಂಪ್ಯೂಟರಿನಿಂದ ಸುಟ್ಟ ವಾಸನೆ ಎದ್ದಿತು. ಸ್ಟೇಶನ್ ಬಜಾರದ ರಿಪೇರಿಯವರಿಗೆ ತೋರಿಸಿದೆವು. ಅವರು ಒಳಗಿನ ಡಿಸ್ಕನ್ನು ಕಿವಿಗೆ ಹಿಡಿದು ಕೇಳಿ, “ಖತಂ ಆಗ್ಯದ ರೀ,” ಅಂದರು.

ನಾನು ಅಲ್ಲಿಂದಲೇ ಕಮಲಾಪುರದ ಬಸ್ಸು ಹತ್ತಿದೆ. ಕಾಕಾ ಅಲಮಾರಿ ತೆಗೆದು ಡಿಸ್ಕನ್ನು ಕೊಟ್ಟು, ತಾವೂ ನನ್ನ ಜೊತೆ ಹೊರಟರು. ಬಸ್ಸಿನಲ್ಲಿ ಕುಲುಕಿದಾಗಲೆಲ್ಲ ನಾನು ಅದನ್ನು ತೊಡೆಯ ಮೇಲೆ ಎರಡೂ ಕೈಯಿಂದ ಅಮುಕಿ ಹಿಡಿಯುತ್ತಿದ್ದೆ.

“ಪಾಸ್‌ವರ್ಡ್ ನೆನಪದಲ್ರಿ ಅಕ್ಕಾರ?” ಕಾಕಾ ಮೆಲ್ಲಗೆ ಕೇಳಿದರು.

“ವಾರಾ ವಾರಾ ಹಾಕ್ತೀನಲ್ರಿ ಕಾಕಾ,” ಅಂದೆ.

ಮಧ್ಯಾಹ್ನದ ಹೊತ್ತಿಗೆ ಮೇಡಂ ಹೊಸ ಯಂತ್ರವೊಂದನ್ನು ತರಿಸಿ, ಬೀಗದ ಸಾಫ್ಟ್‌ವೇರ್ ಹಾಕಿಸಿ ಕಾಯುತ್ತಿದ್ದರು. ನಾನು ಕುಳಿತು ಪಾಸ್‌ವರ್ಡ್ ಹಾಕಿದೆ. ತಪ್ಪು ಎಂದಿತು. ಇನ್ನೊಮ್ಮೆ ಹಾಕಿದೆ, ಒಂದೊಂದು ಅಕ್ಷರ ಯೋಚಿಸಿ. ಅದೂ ತಪ್ಪು. ಐದನೆಯ ಸಲವೂ ತಪ್ಪೇ. ಅಷ್ಟು ದಿನ ನಾನು ಏನನ್ನೂ ಯೋಚಿಸದೆ ಹಾಕುತ್ತಿದ್ದೆ, ಕೈಗೇ ಅದು ಗೊತ್ತಿತ್ತು. ಯೋಚಿಸಲು ಶುರುಮಾಡಿದ್ದೇ ಕೈ ಮರೆತುಬಿಟ್ಟಿತು. ಮರೆತರೆ ತೆಗೆಯಲು ಬೇರೆ ದಾರಿಯಿಲ್ಲವೆಂದು ಮೇಡಂ ಮೊದಲೇ ಹೇಳಿದ್ದರು. ಅವರು ಹೊರಗೆ ಹೋಗಿ ನಿಂತರು. ನಾನು ಅಳತೊಡಗಿದೆ.

ಕಾಕಾ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಕುಳಿತರು. “ಅಳಬ್ಯಾಡ್ರಿ ಅಕ್ಕಾರ. ಕಣ್ಣು ಮುಚ್ಚರಿ. ನಾ ಸೈಕಲ್ ಹೊಡೀತೀನಿ, ನೀವು ಹಿಂದ ಕೂಡ್ರಿ.” ನಾನು ಕಣ್ಣು ಮುಚ್ಚಿದೆ. ಅವರು ನಿಧಾನಕ್ಕೆ ದಾರಿ ಹೇಳತೊಡಗಿದರು. ಗಿಡ ದಾಟಿದರು. ಮುಂದೆ “ಬಾಂವಿ” ಅಂದರು. ಆಮೇಲೆ “ಗ್ವಾಡಿ.” ಆಮೇಲೆ “ತ್ವಾಟ.”

ನಾನು ತಟ್ಟನೆ ಕಣ್ಣು ತೆರೆದೆ. ಮೊದಲ ದಿನ ಅವರ ಬಾಯಿಂದ ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದಿದ್ದೆ. ಈಗ ಗಾಬರಿಯಲ್ಲಿ ಶಾಲೆಯಲ್ಲಿ ಕಲಿತ ಕನ್ನಡ ಬರೆಯುತ್ತಿದ್ದೆ: ಬಾವಿ, ಗೋಡೆ, ತೋಟ. “ಮತ್ತೊಮ್ಮೆ ಹೇಳ್ರಿ ಕಾಕಾ,” ಎಂದು ಅವರು ಅನ್ನುವಂತೆಯೇ ಒಂದೊಂದನ್ನೂ ಒತ್ತುತ್ತ ಹೋದೆ.

ಡಿಸ್ಕು ತೆರೆಯಿತು.

ಏನೂ ಇಲ್ಲ ಅನ್ನುತ್ತಿದ್ದ ಜಾಗದಲ್ಲಿ ಎಲ್ಲ ಫೈಲುಗಳು ಸಾಲಾಗಿ ನಿಂತವು. ಒಂದನ್ನು ತೆಗೆದೆ. ಹೆಸರುಗಳು ಮೇಲಿಂದ ಕೆಳಗೆ ಇಳಿಯುತ್ತಲೇ ಹೋದವು, ಊರಿನ ಮೇಲೆ ಊರು, ಮುಗಿಯಲೇ ಇಲ್ಲ. ಆ ಹೆಸರುಗಳನ್ನು ಒಂದೊಂದಾಗಿ ಬರೆದವಳು ನಾನೇ. ಆದರೂ ಮೊದಲ ಸಲ ನೋಡಿದ ಹಾಗೆ ಓದುತ್ತ ಹೋದೆ. ಮೇಡಂ ಒಳಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಕಾಕಾ ಚಪ್ಪಲಿ ಬಿಟ್ಟು ಎದ್ದು ನಿಂತಿದ್ದರು. ಬಿಟ್ಟದ್ದು ಅವರಿಗೂ ಗೊತ್ತಾಗಿರಲಿಕ್ಕಿಲ್ಲ.

ಸೋಮವಾರದ ಒಂದು ದಿನದ ಬರವಣಿಗೆ ಮಾತ್ರ ಹೋಗಿತ್ತು. ಅದನ್ನು ನೆನಪಿನಿಂದ ತುಂಬಿದೆವು.

ಗುರುವಾರ ಕಮಲಾಪುರದಲ್ಲಿ ರೋಗಿಗಳ ದಿನ. ಹೊಸ ಯಂತ್ರದಿಂದ ತೆಗೆದ ಪಟ್ಟಿ ಹಿಡಿದು ನಾನೂ ಮೇಡಂ ಜೊತೆ ಜೀಪಿನಲ್ಲಿ ಹೋದೆ. ಮೊದಲು ಬಂದವಳು ಹೊಲದ ಕೆಲಸದ ಒಬ್ಬ ಹೆಂಗಸು, ಸೆರಗಿನಲ್ಲಿ ಮುಖ ಅರ್ಧ ಮುಚ್ಚಿಕೊಂಡಿದ್ದಳು. ಪಟ್ಟಿಯಲ್ಲಿ ಅವಳ ಹೆಸರಿತ್ತು, ಇನ್ನೆರಡು ತಿಂಗಳ ಗುಳಿಗೆ ಬಾಕಿ. ಕಾಕಾ ಗುಳಿಗೆಯ ಹಾಳೆ ಕೊಟ್ಟರು. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮ ಮೂವರ ಮುಖ ನೋಡಿದಳು.

“ಯಾಕ್ರೀ, ಎಲ್ಲಾರೂ ನನ್ನ ಹಿಂಗ್ಯಾಕ ನೋಡಾಕತ್ತೀರಿ?”

“ಏನಿಲ್ಲವಾ,” ಅಂದರು ಕಾಕಾ. “ಮುಂದಿನ ತಿಂಗಳು ತಪ್ಪದಂಗ ಬಾ.”