ಮಿಂಚುಳ್ಳಿ ಗಾಡಿಯ ಹೊಸ ಒಡೆಯರು

೧೯೩೬ರಲ್ಲಿ ನಾನು ಹೊಸಪೇಟೆಯ ಒಂದು ಮೋಟಾರು ಏಜೆನ್ಸಿಯಲ್ಲಿ ಹೆಡ್ ಫಿಟ್ಟರ್ ಆಗಿದ್ದೆ. ಹಂಪಿಯಲ್ಲಿ ತಲೆತಲಾಂತರದಿಂದ ಪೂಜೆ ಮಾಡಿಕೊಂಡು ಬಂದ ವೈಷ್ಣವರ ಮನೆಯವನು ನಾನು. ಮದ್ರಾಸಿನ ವರ್ಕ್‌ಶಾಪಿನಲ್ಲಿ ನಾಲ್ಕು ವರ್ಷ ಕೆಲಸ ಕಲಿತು ಬಂದಾಗ ನನ್ನ ಕೈಗಂಟಿದ ಎಣ್ಣೆ ಮಸಿ ನೋಡಿ ನಮ್ಮ ತಾಯಿ ಅತ್ತಿದ್ದರು. ಏಜೆನ್ಸಿಯ ಮಾಲೀಕರಾದ ಕೊಟ್ರಬಸಪ್ಪನವರು ಮಾತ್ರ ನನ್ನನ್ನು ಮೊದಲ ದಿನದಿಂದಲೂ ‘ಆಚಾರ್ರ’ ಎಂದೇ ಗೌರವದಿಂದ ಕರೆಯುತ್ತಿದ್ದರು. ಮೂಲತಃ ಅವರು ಅಕ್ಕಿ ಗಿರಣಿಯವರು. ಮೋಟಾರಿನ ಮೇಲಿನ ಮೋಹಕ್ಕೆ ಏಜೆನ್ಸಿ ಹಿಡಿದಿದ್ದರು.

ನಾವು ಮಾರುತ್ತಿದ್ದದ್ದು ಆಲ್ಡರ್ಟನ್ ಎಂಬ ಇಂಗ್ಲಿಷ್ ಕಾರು. ಆ ಹೆಸರು ನಮ್ಮ ಕಡೆಯ ಬಾಯಿಗೆ ಒಗ್ಗಲಿಲ್ಲ. ರೇಡಿಯೇಟರಿನ ಮುಚ್ಚಳದ ಮೇಲೆ ಹಿತ್ತಾಳೆಯ ಮಿಂಚುಳ್ಳಿ ಹಕ್ಕಿಯೊಂದು ಕೂತಿರುತ್ತಿದ್ದುದರಿಂದ ಜನ ಅದನ್ನು ಮಿಂಚುಳ್ಳಿ ಗಾಡಿ ಎನ್ನುತ್ತಿದ್ದರು. ವೇಗದಲ್ಲಿ ಅದು ಹೆಸರಾಗಿರಲಿಲ್ಲ, ನೋಡಲೂ ಚೆಲುವಾಗಿರಲಿಲ್ಲ. ಆದರೆ ತುಂಬಿದ ಭಾರ ಹೊತ್ತು, ಏಪ್ರಿಲ್ ಬಿಸಿಲಿನಲ್ಲಿ, ಸಂಡೂರಿನ ಘಾಟಿಯನ್ನು ಒಮ್ಮೆಯೂ ನಿಲ್ಲದೆ ಹತ್ತುತ್ತಿತ್ತು. ಅಷ್ಟು ಸಾಕಾಗಿತ್ತು.

ಅದರ ಹಿಂದಿನ ವರ್ಷ, ಇಂಗ್ಲೆಂಡಿನಲ್ಲಿ ಈ ಗಾಡಿ ತಯಾರಿಸುತ್ತಿದ್ದ ಪುಟ್ಟ ಫ್ಯಾಕ್ಟರಿಯನ್ನು ಅಲ್ಲಿಯ ದೊಡ್ಡ ಕಾರ್ಪೊರೇಷನ್ ಒಂದು ಕೊಂಡಿತೆಂದು ನಮಗೆ ಪತ್ರ ಬಂತು. ಹೆಸರು ಹಾಗೇ ಉಳಿಯುತ್ತದೆ, ಹಕ್ಕಿಯೂ ಉಳಿಯುತ್ತದೆ, ಗಿರಾಕಿಗಳ ಮುಂದೆ ಹಳೆಯದು ಹೊಸದು ಎಂಬ ಮಾತೆತ್ತಬಾರದು ಎಂದು ಅದರಲ್ಲಿತ್ತು. ಹೊಸ ಮಾದರಿಯ ಗಾಡಿಗಳು ಬಂದಾಗ ಹಕ್ಕಿ ಮೊದಲಿಗಿಂತ ದೊಡ್ಡದಾಗಿತ್ತು. ಅದಕ್ಕೆ ನಿಕ್ಕಲ್ ಹೊಳಪು ಕೊಟ್ಟಿದ್ದರು.

ಕಂಪ್ಲಿಯಲ್ಲಿ ಸುಶೀಲಾಬಾಯಿ ಎಂಬ ಲೇಡಿ ಡಾಕ್ಟರ್ ಇದ್ದರು. ಬುಕ್ಕಸಾಗರದಿಂದ ದರೋಜಿಯವರೆಗೆ, ಆಚೆ ಸಂಡೂರಿನ ಗಣಿಗಳವರೆಗೆ, ಕಷ್ಟದ ಹೆರಿಗೆ ಎಂದರೆ ಅವರಿಗೇ ಕರೆ ಬರುತ್ತಿತ್ತು. ಒಂಬತ್ತು ವರ್ಷ ಓಡಿಸಿದ ಮಿಂಚುಳ್ಳಿಯನ್ನು ನಮಗೆ ಕೊಟ್ಟು ಹೊಸದನ್ನು ಒಯ್ಯಲು ಬಂದರು. ಗಾಡಿಯ ಸುತ್ತ ಒಂದು ಸುತ್ತು ಬಂದು ನನ್ನನ್ನೇ ಕೇಳಿದರು: “ಆಚಾರ್ರ, ನನಗ ಬಣ್ಣ ಬ್ಯಾಡ, ಹೊಳಪು ಬ್ಯಾಡ. ಒಳಗ ಇದು ಅದ ಹಳೇ ಗಾಡಿ ಹೌದಲ್ರೀ?”

“ಅದ ರೀ ಅಮ್ಮಾ, ಚಿಂತಿ ಬಿಡ್ರಿ” ಎಂದೆ. ಬಾನೆಟ್ ಎತ್ತಿ ಮೇಲೆ ಮೇಲೆ ನೋಡಿದ್ದೆನೇ ಹೊರತು ಒಳಗಿನದನ್ನು ಬಿಚ್ಚಿ ನೋಡಿರಲಿಲ್ಲ.

ಬಯಲ ರಸ್ತೆಯಲ್ಲೇ ಐನೂರು ಮೈಲಿ ಓಡಿದ ಮೇಲೆ ಮೊದಲ ತಪಾಸಣೆಗೆಂದು ಒಂದು ಬೆಳಿಗ್ಗೆ ಅವರು ಹೊಸಪೇಟೆಗೆ ಬಂದರು. ಗಾಡಿ ತಂದ ಅವರ ಡ್ರೈವರ್‌ಗೆ ದಾರಿಯಲ್ಲೇ ಜ್ವರ ಏರಿತ್ತು. ಅಷ್ಟರಲ್ಲಿ ಸಂಡೂರಿನ ಬೆಟ್ಟದ ಮೇಲಿನ ಗಣಿಯೊಂದರಿಂದ ಸುದ್ದಿ ಬಂತು. ಕೂಲಿಯವನೊಬ್ಬನ ಹೆಂಡತಿ ಎರಡು ದಿನದಿಂದ ನೋವು ತಿನ್ನುತ್ತಿದ್ದಳು. ತಪಾಸಣೆ ಬಿಟ್ಟು ನಾನೇ ಸ್ಟೀರಿಂಗ್ ಹಿಡಿದೆ. ಹಿಂದಿನ ಸೀಟಿನಲ್ಲಿ ಡಾಕ್ಟರಮ್ಮ, ಅವರ ಜೊತೆ ಬಂದಿದ್ದ ನರ್ಸು, ಸಲಕರಣೆಯ ಪೆಟ್ಟಿಗೆ.

ಘಾಟಿಯ ಎರಡನೆಯ ತಿರುವಿನಲ್ಲೇ ಗಾಡಿ ಏದುಸಿರು ಬಿಡಲಾರಂಭಿಸಿತು. ಫಸ್ಟ್ ಗೇರಿಗೆ ಇಳಿಸಿದೆ. ಮೂರನೆಯ ತಿರುವಿನಲ್ಲಿ ರೇಡಿಯೇಟರ್ ಕುದ್ದು, ಹಬೆ ಮುಂದಿನ ಗಾಜನ್ನೆಲ್ಲ ಮುಚ್ಚಿತು. ನಿಲ್ಲಿಸದೆ ಬೇರೆ ದಾರಿಯಿರಲಿಲ್ಲ.

“ಎಷ್ಟೊತ್ತು ಬೇಕ್ರೀ?”

“ತಣ್ಣಗಾಗಾಕ ಅರ್ಧ ತಾಸರ ಬೇಕ್ರೀ.”

“ಅಷ್ಟೊತ್ತು ಆಕಿ ಕಡೆ ಇಲ್ಲ” ಎಂದು ಡಾಕ್ಟರಮ್ಮ ಕೆಳಗಿಳಿದರು. ಸೀರೆಯ ಸೆರಗು ಬಿಗಿದು ನಡೆಯತೊಡಗಿದರು. ಐವತ್ತು ದಾಟಿದ ಹೆಂಗಸು. ಒಂದೂವರೆ ಮೈಲಿ ಏರು. ನರ್ಸಿನ ಜೊತೆ ನಾನೂ ಪೆಟ್ಟಿಗೆ ಹೆಗಲಿಗೇರಿಸಿ ಹಿಂದೆ ಓಡಿದೆ.

ಗುಡಿಸಲಿನ ಹೊರಗೆ ನಾನು ನಿಂತಿದ್ದು ಒಂದು ಗಂಟೆಯಿರಬಹುದು. ಅಷ್ಟು ಹೊತ್ತೂ ಮನಸ್ಸಿನಲ್ಲಿ ನನ್ನ ಮಾತೇ ಕುಟುಕುತ್ತಿತ್ತು. ಕೊನೆಗೆ ಒಳಗಿನಿಂದ ಕೂಸಿನ ಅಳು ಕೇಳಿದಾಗ ಆ ಕೂಲಿಯವನು ನನ್ನನ್ನು ತಬ್ಬಿಕೊಂಡ. ನನಗೋ ಅವನ ಮುಖ ನೋಡುವ ಧೈರ್ಯವಾಗಲಿಲ್ಲ. ತಾಯಿಯೂ ಉಳಿದಳು. ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ ಡಾಕ್ಟರಮ್ಮ ಸಿಟ್ಟಿಲ್ಲದೆ ಕೇಳಿದರು: “ಖರೇ ಹೇಳ್ರಿ ಆಚಾರ್ರ. ಅದ ಗಾಡಿ ಅಂದ್ರಲ್ಲ, ನೋಡಿ ಅಂದ್ರೋ, ನೋಡ್ಲಾರ್ದ ಅಂದ್ರೋ?”

“ನೋಡ್ಲಾರ್ದ ಅಂದೆ ರೀ. ತಪ್ಪಾತು.”

“ಹಂಗಾದ್ರ ಈಗ ನೋಡ್ರಿ” ಎಂದರು. ಅಷ್ಟೇ.

ಮರುದಿನ ಅವರ ಹೊಸ ಗಾಡಿಯನ್ನೂ ಶೆಡ್ಡಿನಲ್ಲಿದ್ದ ಹಳೆಯ ಗಾಡಿಯನ್ನೂ ಪಕ್ಕಪಕ್ಕ ನಿಲ್ಲಿಸಿ ಬಿಚ್ಚಿದೆ. ಹೊಸದರ ಎಂಜಿನ್ನು, ಹಿಂದಿನ ಆಕ್ಸಲ್ಲು ಎರಡರ ಮೇಲೂ ಕಾರ್ಪೊರೇಷನ್ನಿನ ಗುರುತು ಎರಕವಾಗಿತ್ತು. ಅವರ ಸಾಮಾನ್ಯ ಗಾಡಿಯ ಭಾಗಗಳೇ ಅವು. ಹಳೆಯದರಲ್ಲಿ ಟಾಪ್ ಗೇರಿನಲ್ಲಿ ಎಂಜಿನ್ ಐದೂವರೆ ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತಿತ್ತು. ಹೊಸದರಲ್ಲಿ ನಾಲ್ಕೂಮುಕ್ಕಾಲು ಸುತ್ತಿಗೇ ಒಂದು. ಸಮತಟ್ಟಾದ ರಸ್ತೆಯಲ್ಲಿ ಇದರಿಂದ ಪೆಟ್ರೋಲ್ ಉಳಿಯುತ್ತದೆ, ಏರಿನಲ್ಲಿ ಎಳೆಯುವ ಶಕ್ತಿ ಕುಗ್ಗುತ್ತದೆ. ರೇಡಿಯೇಟರೂ ಒಂದು ಅಂಗುಲ ತೆಳುವಾಗಿತ್ತು. ಇದನ್ನೆಲ್ಲ ಕಂಪನಿಗೆ ಕಳಿಸಲೆಂದು ಇಂಗ್ಲಿಷಿನಲ್ಲಿ ನಾಲ್ಕು ಪುಟದ ವರದಿ ಮಾಡಿ ಬರೆದೆ. ಗಿರಾಕಿಗೆ ನಾನು ತಪ್ಪು ಹೇಳಿದ್ದನ್ನೂ ಸೇರಿಸಿದೆ.

ಕೊಟ್ರಬಸಪ್ಪನವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದೆ. “ಇದು ಹ್ವಾದ್ರ ಏಜೆನ್ಸಿ ತಗೀಬಹುದು ರೀ. ಬಾಯಿ ಮುಚ್ಕೊಂಡಿರ್ರಿ ಅಂತ ಮೊದ್ಲ ಬರದಾರ” ಎಂದೂ ಎಚ್ಚರಿಸಿದೆ. ಅವರು ಮೀಸೆ ಸವರಿಕೊಂಡು ವರದಿಗೆ ಕೈಚಾಚಿದರು.

“ಏಜೆನ್ಸಿ ಹ್ವಾದ್ರ ನನಗ ಗಿರಣಿ ಐತಿ. ಆ ತಾಯಿ ಘಾಟಿನಾಗ ನಿಂತ್ರ ಈ ಸೀಮಿ ಹೆಣ್ಮಕ್ಳಿಗೆ ಯಾರದಾರ್ರೀ? ಕೊಡ್ರಿಲ್ಲಿ.” ನನ್ನ ಇಂಗ್ಲಿಷ್ ವರದಿಯ ಕೆಳಗೆ ದಪ್ಪ ಕನ್ನಡ ಅಕ್ಷರಗಳಲ್ಲಿ ರುಜು ಹಾಕಿದರು.

ಐದು ವಾರವಾದ ಮೇಲೆ ಮದ್ರಾಸಿನಿಂದ ಕಂಪನಿಯ ಫ್ರೇಜರ್ ಎಂಬ ಎಂಜಿನಿಯರ್ ಬಂದರು. ಸಣಕಲು ಮೈ, ಬಿಳಿಯ ಹುಬ್ಬು, ಮಾತು ಕಡಿಮೆ. ನನ್ನ ಕೆಲಸ ಇವತ್ತಿಗೆ ಮುಗಿಯಿತೆಂದುಕೊಂಡೆ. ಅವರು ಕೋಟು ಕಳಚಿಟ್ಟು, ಹಳೆಯ ಗಾಡಿಯನ್ನು ಮೊದಲು ಘಾಟಿ ಹತ್ತಿಸು ಎಂದರು. ಅದು ಸೆಕೆಂಡ್ ಗೇರಿನಲ್ಲೇ ಹತ್ತಿತು. ಇಳಿದು ಬಂದು ಅಷ್ಟೇ ಭಾರ ಹೇರಿ ಹೊಸದನ್ನು ಹತ್ತಿಸಿದೆ. ಅದೇ ಮೂರನೆಯ ತಿರುವಿನಲ್ಲಿ ಹಬೆ ಎದ್ದಿತು.

ಫ್ರೇಜರ್ ರಸ್ತೆಯಂಚಿನ ಕಲ್ಲಿನ ಮೇಲೆ ಕೂತರು. ಆ ಪುಟ್ಟ ಫ್ಯಾಕ್ಟರಿಯಲ್ಲಿ ಹದಿನಾರು ವರ್ಷ ದುಡಿದವರು ಅವರೆಂದು ಆಗಲೇ ನನಗೆ ಗೊತ್ತಾದದ್ದು. “ನಮ್ಮ ಫ್ಯಾಕ್ಟರಿಯ ಗೇಟು ದಾಟಿದರೆ ಎದುರಿಗೇ ಕಡಿದಾದ ಏರು” ಎಂದರು. “ಅದನ್ನು ಹತ್ತದ ಗಾಡಿಯನ್ನು ಮಾರುತ್ತಿರಲಿಲ್ಲ. ನಮ್ಮನ್ನು ಕೊಂಡವರು ಕೆಟ್ಟವರಲ್ಲ. ಅವರ ಫ್ಯಾಕ್ಟರಿ ಸಮತಟ್ಟು ನೆಲದ ಮೇಲಿದೆ, ಅಷ್ಟೇ.” ಆಮೇಲೆ ನನ್ನ ವರದಿಯನ್ನು ಜೇಬಿಗಿಟ್ಟುಕೊಂಡು, “ಇದನ್ನು ನನ್ನ ಕಾಗದದ ಜೊತೆ ಕಳಿಸುತ್ತೇನೆ. ಒಂದಕ್ಷರವನ್ನೂ ತಿದ್ದುವುದಿಲ್ಲ” ಎಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ರೈಲಿನಲ್ಲಿ ಮರದ ಪೆಟ್ಟಿಗೆಗಳು ಬಂದವು. ನಾವು ಮಾರಿದ್ದ ಏಳು ಹೊಸ ಗಾಡಿಗಳಿಗೂ ದಪ್ಪ ರೇಡಿಯೇಟರು, ಹಳೆಯ ಅಳತೆಯ ಆಕ್ಸಲ್ ಗೇರುಗಳು. ಬೆಟ್ಟದ ಸೀಮೆಯಿಂದ ಬೇಡಿಕೆ ಬಂದರೆ ಮುಂದೆ ಫ್ಯಾಕ್ಟರಿಯಲ್ಲೇ ಹೀಗೆ ಜೋಡಿಸುತ್ತೇವೆಂಬ ಪತ್ರವೂ ಇತ್ತು. ಏಜೆನ್ಸಿಯ ವಿಷಯವನ್ನು ಯಾರೂ ಎತ್ತಲಿಲ್ಲ. ಮೊದಲು ಡಾಕ್ಟರಮ್ಮನ ಗಾಡಿಗೆ ಜೋಡಿಸಿ ಅವರನ್ನೇ ಕೂರಿಸಿಕೊಂಡು ಸಂಡೂರಿಗೆ ಹೊರಟೆ. ಅವರು ಯಾವುದೋ ಪತ್ರ ಓದುತ್ತಿದ್ದರು. ಘಾಟಿಯ ನೆತ್ತಿ ತಲುಪಿದಾಗ ತಲೆಯೆತ್ತಿ, “ಬಂತೇನ್ರೀ ಘಾಟಿ?” ಎಂದರು. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಿರಲಿಲ್ಲ.

ಯುದ್ಧ ಬಂದು ಪೆಟ್ರೋಲಿಗೆ ಪಡಿತರವಾಯಿತು. ಆಲ್ಡರ್ಟನ್ ಹೆಸರನ್ನು ಕಾರ್ಪೊರೇಷನ್ ಕೈಬಿಟ್ಟಿತು. ಕೊಟ್ರಬಸಪ್ಪನವರು ಏಜೆನ್ಸಿ ಮುಚ್ಚಿ ಗಿರಣಿಗೆ ಮರಳಿದರು. ನಾನು ಬೇರೆ ಬೇರೆ ವರ್ಕ್‌ಶಾಪುಗಳಲ್ಲಿ ದುಡಿದು, ಕೊನೆಗೆ ಮ್ಯಾನೇಜರ್ ಆಗಿ ನಿವೃತ್ತನಾದೆ. ಆ ವರ್ಷಗಳಲ್ಲಿ ಹಲವು ಫಿಟ್ಟರುಗಳು ಕಂಪನಿಗೆ ಹಿಡಿಸದ, ಕೆಲವೊಮ್ಮೆ ನನಗೇ ಹಿಡಿಸದ ವರದಿಗಳನ್ನು ಹಿಡಿದು ಹೆದರುತ್ತಲೇ ನನ್ನ ಮೇಜಿನ ಮುಂದೆ ನಿಂತಿದ್ದಾರೆ. ನಿಜ ಬರೆಯುವುದಕ್ಕೆ ಒಬ್ಬನ ಧೈರ್ಯ ಸಾಲದು, ಅದರ ಕೆಳಗೆ ರುಜು ಹಾಕುವವರೂ ಬೇಕು. ನನಗೆ ಅಂಥವರು ಇಬ್ಬರು ಸಿಕ್ಕಿದರು. ಅದಕ್ಕೇ, ಕೈಯಲ್ಲಿ ಕಾಗದ ಹಿಡಿದು ನಿಂತವನಿಗೆ ನಾನು ಮೊದಲು ಹೇಳುತ್ತಿದ್ದ ಮಾತು ಒಂದೇ: “ಕುಂದ್ರಪ್ಪಾ, ಓದು.”