ಫಾರಂ ಮೇಷ್ಟ್ರು
ಯಾವ ಕೆಲಸಗಾರರಿಗೆ ಎಷ್ಟು ಕೂಲಿ, ಯಾಕೆ ಅಷ್ಟು ಎಂದು ಮನೆಮನೆಗೆ ಹೋಗಿ ಕೇಳುವ ಈ ಸಮೀಕ್ಷೆಯವರಿಗೆ ಬೀದಿಯವರಿಟ್ಟ ಹೆಸರು ಫಾರಂ ಮೇಷ್ಟ್ರು. ಗಂಡಸರ ಸಂಬಳವನ್ನು ಹೆಂಡತಿಯ ಎದುರು ಒಮ್ಮೆ, ಅವಳು ಒಳಗೆ ಹೋದ ಮೇಲೆ ಇನ್ನೊಮ್ಮೆ ಕೇಳಿ, ಎರಡನೆಯದನ್ನೇ ಬರೆದುಕೊಳ್ಳುತ್ತಾರೆ. "ಓದು ಹೆಚ್ಚಿದಷ್ಟೂ ಕೂಲಿ ಹೆಚ್ಚುತ್ತೆ ತಾಯಿ" ಎಂಬುದೇ ಅವರ ಜಪ. ಊಹಿಸಿ ಬರೆಯುವ ಜಾಯಮಾನವಲ್ಲ; ಹಾಗಾಗಿ ಇಸ್ತ್ರಿ ಅಂಗಡಿಯವಳು ನೆಟ್ಟಗೆ ಉತ್ತರ ಕೊಡದೆ ಅವರನ್ನು ಮೂರು ದಿನ ಆಟವಾಡಿಸಿದಳು. "ಓದಾ? ಕಾಲರಿನ ಕೊಳೆ ಓದ್ತೀನಿ, ಬರ್ಕೊಳ್ಳಿ. ಅದಿರ್ಲಿ, ನಿಮ್ಮ ಓದೆಷ್ಟಣ್ಣ?" "ಹದಿನೇಳು ವರ್ಷ." "ಸಂಬಳ?" ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಪೂರ್ತಿ ತುಂಬಿದ ಫಾರಂ ಒಂದಕ್ಕೆ ಇಷ್ಟು ಅಂತ ಕೊಡ್ತಾರೆ. ಅರ್ಧ ತುಂಬಿದ್ದಕ್ಕೆ ಏನೂ ಇಲ್ಲ." ಅವಳು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, ಸೆರಗಿನಿಂದ ಸ್ಟೂಲು ಒರೆಸಿದಳು. "ಕೂತ್ಕೊಳ್ಳಿ. ಮೊದಲ್ನೇ ಪ್ರಶ್ನೆಯಿಂದ ಕೇಳಿ, ಈ ಸಲ ನಿಜ ಹೇಳ್ತೀನಿ."