ಪದಗಳ ಶಂಕರಲಿಂಗಯ್ಯನವರು

ಒಂದು ಪದ ಹೇಳುವ ಮುನ್ನ ಶಂಕರಲಿಂಗಯ್ಯನವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಬಲಗೈ ಸ್ವಲ್ಪ ಮೇಲೇಳುತ್ತಿತ್ತು. ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಆಫೀಸಿನ ಮೀಟಿಂಗ್ ರೂಮಿನಲ್ಲಿ ಕುಳಿತ ಆರೇಳು ಜನ, ಹೆರಿಗೆ ವಾರ್ಡಿನ ಹೊರಗೆ ನಿಂತವರ ಹಾಗೆ ಉಸಿರು ಬಿಗಿಹಿಡಿದು ಕಾಯಬೇಕಾಗಿತ್ತು. ಕೊನೆಗೆ ಕಣ್ಣು ತೆರೆದು, ‘ಅಗ್ರಗಮನ’ ಎನ್ನುತ್ತಿದ್ದರು. ನಮಗೆ ಬೇಕಾಗಿದ್ದದ್ದು ‘ಮುಂದೆ’ ಎಂಬ ಮಾತು.

ಸರ್ಕಾರಿ ಶಾಲೆಯ ಒಂದರಿಂದ ಮೂರನೇ ತರಗತಿಯ ಮಕ್ಕಳಿಗಾಗಿ ನಮ್ಮ ಕಂಪನಿ ಟ್ಯಾಬ್ಲೆಟ್ ಮೇಲೆ ಕಲಿಯುವ ಒಂದು ವ್ಯವಸ್ಥೆ ಮಾಡುತ್ತಿತ್ತು. ಅಕ್ಷರ, ಲೆಕ್ಕ, ಚಿತ್ರ ಬರೆಯುವುದು, ಎಲ್ಲ ಅದರಲ್ಲೇ. ಪರದೆಯ ಮೇಲೆ ಯಾವ ಗುಂಡಿ ಎಲ್ಲಿರಬೇಕು ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಗುಂಡಿಯ ಮೇಲೆ ಏನು ಬರೆದಿರಬೇಕು ಎನ್ನುವುದು ಅವರ ಕೆಲಸ. ಚಿತ್ರದುರ್ಗದ ಕಡೆಯವರು, ನಿವೃತ್ತ ಪ್ರಾಧ್ಯಾಪಕರು, ದೊಡ್ಡ ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಯಲ್ಲಿ ವಾಸ. ಹಣೆಯಲ್ಲಿ ಅಚ್ಚುಕಟ್ಟಾದ ವಿಭೂತಿ, ಇಸ್ತ್ರಿ ಮುರಿಯದ ಜುಬ್ಬಾ. ಮಕ್ಕಳ ಜೊತೆ ಅವರು ಕೊನೆಯ ಸಲ ಮಾತಾಡಿದ್ದು ಯಾವಾಗಲೋ, ನನಗೆ ಗೊತ್ತಿಲ್ಲ.

‘ಗುಂಡಿ’ ಎಂಬ ಮಾತೇ ಅವರಿಗೆ ಆಗುತ್ತಿರಲಿಲ್ಲ. “ಗುಂಡಿ ಬೇಕಾದ್ರೆ ಹೊಸೂರು ರಸ್ತೇಲಿ ನೋಡ್ಕೊಳ್ಳಿ. ಇದು ಒತ್ತುಬಿಂದು” ಎಂದಿದ್ದರು. ಹೊರಗೆ ಬರುವುದಕ್ಕೆ ‘ನಿಷ್ಕ್ರಮಣ’ ಎಂದರು. ಪದ ಗುಂಡಿಯೊಳಗೆ ಹಿಡಿಸುವುದಿಲ್ಲ ಎಂದು ನಾನು ಹೇಳಿದಾಗ, ಪದಕ್ಕೆ ತಕ್ಕ ಹಾಗೆ ಪರದೆ ಇರಬೇಕೇ ಹೊರತು ಪರದೆಗೆ ತಕ್ಕ ಹಾಗೆ ಪದ ಅಲ್ಲ ಎಂದು ಉಪದೇಶ ಕೊಟ್ಟರು. ನಮ್ಮ ಮ್ಯಾನೇಜರಿಗೆ ಕನ್ನಡ ಬರುತ್ತಿರಲಿಲ್ಲ. ಅರ್ಥವಾಗದ ಪದವೆಲ್ಲ ಆತನಿಗೆ ಒಳ್ಳೆಯ ಕನ್ನಡದಂತೆ ಕೇಳುತ್ತಿತ್ತು.

ಅವರು ಒಪ್ಪಿದ ಚಿಕ್ಕ ಪದಗಳು ಎರಡೇ, ‘ಉಳಿಸು’ ಮತ್ತು ‘ಅಳಿಸು’. ಅವು ಅವರು ಹುಟ್ಟಿಸಿದವೇನೂ ಅಲ್ಲ, ಎಲ್ಲ ಕಡೆ ಇರುವಂಥವು. ಆದರೆ ಅವನ್ನು ಅಕ್ಕಪಕ್ಕ ಕೂರಿಸಿದ್ದು ತಾವೇ ಎಂದು ಅವರಿಗೆ ಬಹಳ ಹೆಮ್ಮೆ. ಎಂಥ ಪ್ರಾಸ, ಈ ಜೋಡಿಯನ್ನು ಅಗಲಿಸಬೇಡಿ ಎನ್ನುತ್ತಿದ್ದರು. ‘ಅ’ ಯಾವುದು, ‘ಉ’ ಯಾವುದು ಎಂದು ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಒಂದೇ ಅಕ್ಷರದ ವ್ಯತ್ಯಾಸ ಕಾಣುವುದಿಲ್ಲ ಎಂದೆ. ಮೇಲಾಗಿ, ಅಳಿಸು ಎಂದರೆ ಯಾರನ್ನೋ ಅಳುವ ಹಾಗೆ ಮಾಡು ಎಂದೂ ಆಗುತ್ತದಲ್ಲ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿ ಕಾಫಿ ಕುಡಿದರು.

ಜಿಗಣಿ ಹತ್ತಿರದ ಒಂದು ಶಾಲೆಗೆ ಪರೀಕ್ಷೆಗೆಂದು ಟ್ಯಾಬ್ಲೆಟ್ ತೆಗೆದುಕೊಂಡು ಹೋದೆವು. ಶಂಕರಲಿಂಗಯ್ಯನವರೂ ಬಂದರು, ಫೋಟೋ ತೆಗೆಯುವವನನ್ನು ಕರೆದುಕೊಂಡು. ಎರಡನೇ ತರಗತಿಯ ಭಾಗಮ್ಮ ಕಿಟಕಿ ಪಕ್ಕ ಕೂತು ಚಿತ್ರ ಬರೆಯುತ್ತಿದ್ದಳು. ಯಾದಗಿರಿ ಕಡೆಯ ಮಗು. ಅಪ್ಪ ಅಮ್ಮ ಅಲ್ಲೇ ಕಟ್ಟಡದ ಕೆಲಸಕ್ಕೆ ಬಂದವರು. ಅಜ್ಜಿ ಮಾತ್ರ ಊರಲ್ಲಿ. ಅವಳನ್ನು ‘ಆಯಿ’ ಎನ್ನುತ್ತಿದ್ದಳು. ಇಡೀ ಪೀರಿಯಡ್ ಅವಳು ಬೆರಳಲ್ಲೇ ಆಯಿಯನ್ನು ಬರೆದಳು. ದೊಡ್ಡ ಮೂಗುತಿ, ಹಸಿರು ಸೀರೆ, ಕಾಲ ಬಳಿ ಒಂದು ಆಡು. ಆಡಿಗೆ ಕಾಲು ಐದಾದವು, ಒಂದನ್ನು ಬಾಲ ಮಾಡಿದಳು.

ಆಮೇಲೆ ಚಿತ್ರ ಇಟ್ಟುಕೊಳ್ಳಲು ಹೋಗಿ ಅಳಿಸು ಒತ್ತಿದಳು. ‘ದೃಢೀಕರಿಸುವಿರಾ?’ ಎಂದು ಪರದೆ ಕೇಳಿತು. ಅದನ್ನು ಅವಳು ಹೇಗೆ ಓದಿಯಾಳು? ಕೆಳಗಿದ್ದ ಗುಂಡಿಯ ಹಸಿರು ಬಣ್ಣ ಚೆಂದ ಕಂಡಿತು, ಮುಟ್ಟಿದಳು. ಪರದೆ ಬೆಳ್ಳಗಾಯಿತು.

ಭಾಗಮ್ಮ ಟ್ಯಾಬ್ಲೆಟ್ಟನ್ನು ತಿರುಗಿಸಿ ಅದರ ಬೆನ್ನು ನೋಡಿದಳು. ಆಮೇಲೆ ನಮ್ಮ ಕಡೆ ನೋಡಿದಳು.

“ನಮ್ಮಾಯಿ ಎಲ್ಲಿ ಹೋದ್ಳ್ರಿ ಸರ್?”

ಅಳು ಬಂದೇಬಿಟ್ಟಿತು. ಶಂಕರಲಿಂಗಯ್ಯನವರು ಎದ್ದರು. ಸಮಾಧಾನ ಮಾಡುತ್ತಾರೇನೋ ಎಂದುಕೊಂಡೆ. ಅವರು ಕಣ್ಣು ಮುಚ್ಚಿ, ಕೈಯೆತ್ತಿ, ‘ಅಳಿ’ ಎಂಬ ಧಾತುವಿಗೆ ನಾಶವಾಗು ಎಂಬ ಅರ್ಥವಿದೆ ಎಂದು ಶುರುಮಾಡಿದರು. ಮಾತು ಮಗುವಿಗೆ, ಮುಖ ಮಾತ್ರ ಫೋಟೋದವನ ಕಡೆಗೆ. ಕ್ಲಾಸಿನ ಟೀಚರ್ ಸರೋಜಮ್ಮ ಮೆಲ್ಲಗೆ ಅಂದರು:

“ಸಾರ್, ಅವ್ಳಿಗಿನ್ನೂ ಕಾಗುಣಿತಾನೇ ಬಂದಿಲ್ಲ. ಧಾತು ತಗೊಂಡು ಏನ್ಮಾಡ್ತಾಳೆ?”

ನಾನು ಹೊಸ ಹಾಳೆ ತೆರೆದು ಕೊಟ್ಟೆ. ಭಾಗಮ್ಮ “ಒಲ್ಲೆ” ಎಂದು ಟ್ಯಾಬ್ಲೆಟ್ಟನ್ನು ಎರಡು ಕೈಯಲ್ಲೂ ದೂರ ತಳ್ಳಿದಳು. ಆ ದಿನ ಮತ್ತೆ ಅದನ್ನು ಮುಟ್ಟಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ ಶಂಕರಲಿಂಗಯ್ಯನವರು, ಇಂದಿನ ಮಕ್ಕಳಲ್ಲಿ ಪದಸಂಪತ್ತೇ ಇಲ್ಲ ಎಂದು ಬೊಮ್ಮಸಂದ್ರದವರೆಗೂ ಮರುಗಿದರು.

ನಾನು ಯಾರನ್ನೂ ಕೇಳದೆ ಎರಡು ಗುಂಡಿಗಳನ್ನೂ ದೂರ ದೂರ ಇಟ್ಟು, ಒಂದರ ಮೇಲೆ ‘ಇಟ್ಕೋ’, ಇನ್ನೊಂದರ ಮೇಲೆ ‘ಒರಸು’ ಎಂದು ಬರೆದೆ. ಸ್ಲೇಟಿನ ಬಗ್ಗೆ ಆ ಮಕ್ಕಳೇ ಆಡುತ್ತಿದ್ದ ಮಾತು ಅದು. ಮೀಟಿಂಗಿನಲ್ಲಿ ಅದು ಕಂಡ ಕೂಡಲೇ ಶಂಕರಲಿಂಗಯ್ಯನವರು ಕಣ್ಣು ಮುಚ್ಚಿದರು. ಈ ಸಲ ಬಹಳ ಹೊತ್ತು.

“ಇದು ಅಡುಗೆಮನೆ ಕನ್ನಡ ಕಣಮ್ಮ” ಎಂದರು.

ಅಡುಗೆಮನೆಯಲ್ಲಿ ಯಾರೂ ಹಸಿದು ಸಾಯುವುದಿಲ್ಲ ಸಾರ್ ಎಂದೆ. ಮ್ಯಾನೇಜರಿಗೆ ನಮ್ಮಿಬ್ಬರ ಮಾತೂ ಅರ್ಥವಾಗಲಿಲ್ಲ, ಯಾರಿಗೆ ಡಾಕ್ಟರೇಟ್ ಇದೆ ಎನ್ನುವುದು ಮಾತ್ರ ಅರ್ಥವಾಯಿತು. ನನ್ನ ಪದಗಳು ಹೋದವು. ಮುಂದಿನ ವಾರ ನಾನೂ ಹೋದೆ, ಕಾರ್ಖಾನೆಗಳ ಹಾಜರಾತಿಯ ಆ್ಯಪ್ ಮಾಡುವ ಇನ್ನೊಂದು ತಂಡಕ್ಕೆ.

ಟ್ಯಾಬ್ಲೆಟ್‌ಗಳು ಅವರ ಪದಗಳನ್ನೇ ಹೊತ್ತು ಶಾಲೆಗಳಿಗೆ ಹೋದವು. ಸರೋಜಮ್ಮ ಫೋನ್ ಮಾಡಿದ್ದರು. ಪ್ರತಿ ಟ್ಯಾಬ್ಲೆಟ್ಟಿನ ಗಾಜಿನ ಮೇಲೆ, ಅಳಿಸು ಬರುವ ಜಾಗದಲ್ಲಿ, ತಮ್ಮ ಸ್ಟಿಕ್ಕರ್ ಬೊಟ್ಟು ಅಂಟಿಸಿ, ಬೊಟ್ಟು ಇರುವಲ್ಲಿ ಮುಟ್ಟಬೇಡಿ ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದರಂತೆ. ಭಾಗಮ್ಮನ ಬಗ್ಗೆ ಕೇಳಿದೆ. ಕಟ್ಟಡ ಮುಗಿದು ಅವಳ ಮನೆಯವರು ಅತ್ತಿಬೆಲೆ ಕಡೆ ಹೋದರು, ಅಲ್ಲಿ ಶಾಲೆಗೆ ಸೇರಿಸಿದರೋ ಇಲ್ಲವೋ ತಿಳಿಯದು ಎಂದರು.

ಶಂಕರಲಿಂಗಯ್ಯನವರನ್ನು ನಾನು ಕೊನೆಯ ಸಲ ನೋಡಿದ್ದು ಆಫೀಸಿನ ಎದುರಿನ ದರ್ಶಿನಿಯಲ್ಲಿ. ಹೋದ ವರ್ಷ. ನಿಂತೇ ಇಡ್ಲಿ ತಿನ್ನುತ್ತಿದ್ದರು. ತುಂಬಾ ಪ್ರೀತಿಯಿಂದ ಕರೆದರು. ಅವರಿಗೆ ಅಭಿನಂದನಾ ಗ್ರಂಥ ತರುತ್ತಿದ್ದಾರಂತೆ, ನಾನೂ ಒಂದು ಲೇಖನ ಕೊಡಬೇಕಂತೆ.

“ಜಿಗಣಿ ಶಾಲೆ ಪ್ರಸಂಗ ಬರೀರಿ. ಆ ಮಗು ಅಳ್ತಾ ಇದ್ದಾಗ ನಾನು ಕೂರಿಸ್ಕೊಂಡು ಪದದ ಅರ್ಥ ಹೇಳಿದ್ನಲ್ಲ, ಅದು. ಫೋಟೋನೂ ಇದೆ” ಎಂದರು.

“ಆ ಮಗು ಹೆಸರು ನೆನಪಿದ್ಯಾ ಸಾರ್?”

ಅವರು ಕೈತೊಳೆದು, ಕರ್ಚೀಫಿನಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು.

“ಹೆಸರು ಯಾಕಮ್ಮ? ‘ಓರ್ವ ಬಾಲಕಿ’ ಅಂತ ಬರೀರಿ. ಅದೇ ಗಂಭೀರವಾಗಿರುತ್ತೆ.”